ನಾನು ಬರೆಯದ ಸೊನ್ನೆಗಳು

ಗಾಳಿಯನ್ನು ಅಳೆಯುವ ಕೆಲಸವೊಂದಿದೆ ಎಂಬುದು ಅರವತ್ತೊಂದನೆಯ ವಯಸ್ಸಿನವರೆಗೆ ನನಗೆ ಗೊತ್ತಿರಲಿಲ್ಲ. ಆ ಕೆಲಸವನ್ನು ನಂಬಿ ನನ್ನ ಕೈಗೆ ಕೊಟ್ಟವರು ನನ್ನ ಮಗಳ ವಯಸ್ಸಿನ ಒಬ್ಬ ಮೇಡಂ. ನಾನು ಅದನ್ನು ಕೆಡಿಸಿದೆ. ಹೇಗೆ ಕೆಡಿಸಿದೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯಲು ಕೂತಿದ್ದೇನೆ. ನಾನು ಹತ್ತನೆಯ ಇಯತ್ತೆ ಓದಿದವನು. ಮಾತು ಅಲ್ಲಲ್ಲಿ ತೊಡರಿದರೆ ಓದುವವರು ತಿದ್ದಿಕೊಳ್ಳಬೇಕು.

ಬಾದಾಮಿಗೂ ಐಹೊಳೆಗೂ ನಡುವೆ, ಕೆಂಪುಕಲ್ಲಿನ ಒಂದು ಗುಡ್ಡದ ಮಗ್ಗುಲಲ್ಲಿ, ಖಾಸಗಿ ವಿಶ್ವವಿದ್ಯಾಲಯದ ಆವರಣ ಇತ್ತು. ನೀರಿನ ವಾಲ್ವು, ಕೆಟ್ಟ ಬಲ್ಬು, ಕೀಲಿಕೈ ಗೊಂಚಲು ಇವನ್ನು ನೋಡಿಕೊಳ್ಳುವ ವಿಭಾಗದಲ್ಲಿ ನಾನಿದ್ದೆ. ಮೇಡಂ ಕಟ್ಟಡ ವಿನ್ಯಾಸ ಕಲಿಸುತ್ತಿದ್ದರು. ಮೂರು ವರ್ಷದ ಕರಾರಿನ ಮೇಲೆ ಬಂದಿದ್ದರು. ಆರು ಕೋಣೆಯ ಹೊಸ ತರಗತಿ ಕಟ್ಟಡದ ಜವಾಬ್ದಾರಿಯನ್ನು ಆಡಳಿತದವರು ಅವರಿಗೆ ಕೊಟ್ಟಿದ್ದರು. ಅದು ಅವರ ಮೊದಲ ಕಟ್ಟಡ. ಅದು ಚೆನ್ನಾಗಿ ನಿಂತರೆ ನೌಕರಿ ಕಾಯಂ ಆಗುತ್ತಿತ್ತು. "ಈ ಕಟ್ಟಡಕ್ಕ ಎ.ಸಿ. ಬ್ಯಾಡ. ಗಾಳಿನ ಒಳಗ ಬಂದು ತಂಪು ಮಾಡೂಹಂಗ ಕಟ್ಟತೇನಿ" ಎಂದು ಅವರು ಹೇಳಿದಾಗ ಎಲ್ಲರೂ ನಕ್ಕಿದ್ದರಂತೆ.

ಒಂದು ದಿನ ಸ್ಟೋರ್ ಕೋಣೆಗೆ ಬಂದು ಕೇಳಿದರು.

"ಕಾಕಾ, ನಿಮ್ಮೂರು ಯಾವುದ್ರಿ?"

"ಹುನಗುಂದ ಹತ್ರ ಒಂದ್ ಹಳ್ಳಿರಿ."

"ಕಣ ಮಾಡೀರೇನು? ರಾಶಿ ತೂರೀರೇನು?"

"ಮೀಸಿ ಬರೂಕಿಂತ ಮದಲ ಮೊರ ಹಿಡದೇನ್ರಿ."

"ಹಂಗಾರ ಗಾಳಿ ನಿಮಗ ಗೊತ್ತು. ನನಗ ನಿಮ್ಮಂಥವರ ಬೇಕು."

ಆ ಮಾತಿಗೆ ನಾನು ಉಬ್ಬಿದೆ. ಈಗ ಯೋಚಿಸಿದರೆ, ಕೆಡುಕು ಅಲ್ಲಿಂದಲೇ ಶುರುವಾಯಿತು. ಕೆಲಸ ಕಲಿಯುವ ಮೊದಲೇ ಬಲ್ಲವನು ಅನ್ನಿಸಿಕೊಂಡೆ.

ಅವರು ಕೊಟ್ಟ ಯಂತ್ರ ಅಂಗೈಯಗಲದ್ದು. ಮೇಲೆ ಮೂರು ಸಣ್ಣ ಬಟ್ಟಲು ತಿರುಗುತ್ತವೆ, ಕೆಳಗೆ ಅಂಕಿ ಮೂಡುತ್ತದೆ. ಗಾಳಿ ಸೆಕೆಂಡಿಗೆ ಎಷ್ಟು ಮೀಟರು ಓಡುತ್ತಿದೆ ಎಂದು ಅದು ಹೇಳುತ್ತದೆ. ದಿಕ್ಕು ನೋಡಲು ಕೋಲಿನ ತುದಿಗೆ ಇಳಕಲ್ ಸೀರೆಯ ಒಂದು ಹಳೆಯ ಸೆರಗಿನ ಚೂರು ಕಟ್ಟಿದ್ದರು. ಅವರು ಇಳಕಲ್ಲಿನ ನೇಕಾರರ ಮನೆಯವರು. ಆ ಚೂರನ್ನು ಕಟ್ಟುತ್ತಲೇ ಹೇಳಿದ್ದು ನೆನಪಿದೆ: "ನಮ್ಮ ಮನ್ಯಾಗ ಗಾಳಿ ಬಂದ್ರ ನೂಲು ಒಣಗಿ ಹರೀತೈತಿ ಅಂತ ಮಗ್ಗದ ಖೋಲಿ ಕಿಟಕಿ ಮುಚ್ಚಿಬಿಡತಿದ್ರು ಕಾಕಾ. ನಾ ಅಲ್ಲೇ ಕುಂತು ಓದಿದಾಕಿ. ಬೆವರು ಪುಸ್ತಕದ ಮ್ಯಾಲ ಬೀಳತಿತ್ತು. ಅದಕ್ಕ ಈ ಹುಚ್ಚು."

ಆವರಣದಲ್ಲಿ ನಾಲ್ಕು ಕಡೆ ಗೂಟ ನೆಟ್ಟೆವು. ಮೊದಲನೆಯದು ಗೇಟಿನ ಬಳಿ, ಎರಡನೆಯದು ಆಟದ ಬಯಲಲ್ಲಿ, ಮೂರನೆಯದು ಗ್ರಂಥಾಲಯದ ಹಿಂದೆ. ನಾಲ್ಕನೆಯದು ಗುಡ್ಡದ ಮೂಡಣ ಮಗ್ಗುಲಿನ ತಿರುವಿನಲ್ಲಿ, ಹಿಂದೆ ಕಲ್ಲು ಒಡೆದು ಬಿಟ್ಟ ತಗ್ಗಿನ ಪಕ್ಕ. ಕಟ್ಟಡ ಏಳಬಹುದಾದ ಜಾಗಗಳಲ್ಲಿ ಅದೂ ಒಂದು. ದಿನಕ್ಕೆ ಮೂರು ಸಲ, ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಎರಡು, ಸಂಜೆ ಐದಕ್ಕೆ, ಪ್ರತಿ ಗೂಟದ ಬಳಿ ಯಂತ್ರವನ್ನು ತಲೆಯ ಎತ್ತರಕ್ಕೆ ಹಿಡಿದು ಎರಡು ನಿಮಿಷ ನಿಲ್ಲಬೇಕು. ಹೆಚ್ಚಿನದು, ಕಡಿಮೆಯದು, ದಿಕ್ಕು, ಮೂರನ್ನೂ ವಹಿಯಲ್ಲಿ ಬರೆಯಬೇಕು. ಒಂದು ವರ್ಷ ಪೂರ್ತಿ. ಎಲ್ಲಾ ಋತುವಿನ ಗಾಳಿ ತಿಳಿಯದೆ ಕಿಟಕಿಯ ಅಳತೆ ಹಾಕುವುದಿಲ್ಲ ಎಂದು ಮೇಡಂ ಪಟ್ಟು ಹಿಡಿದಿದ್ದರು.

ಮೊದಲ ಮೂರು ಗೂಟಗಳಲ್ಲಿ ಬಟ್ಟಲು ಗಿರಗಿರ ತಿರುಗುತ್ತಿತ್ತು. ನಾಲ್ಕನೆಯದು ಮೊದಲ ವಾರದಲ್ಲೇ ನನ್ನನ್ನು ಕಾಡಿತು. ಮಳೆಗಾಲದ ಪಡುವಣ ಗಾಳಿ ಬಯಲಲ್ಲಿ ಟೊಪ್ಪಿಗೆ ಹಾರಿಸುತ್ತಿದ್ದರೆ, ಅಲ್ಲಿ ಸೆರಗಿನ ಚೂರು ಕೋಲಿಗೆ ಅಂಟಿಕೊಂಡು ನಿಂತಿರುತ್ತಿತ್ತು. ಬಟ್ಟಲು ಅಲುಗಾಡುತ್ತಿರಲಿಲ್ಲ. ಎರಡು ನಿಮಿಷ ಕಳೆದರೂ ಅಂಕಿ ಸೊನ್ನೆ.

ಇಲ್ಲಿ ನಮ್ಮ ಕಣದ ಒಂದು ಪದ್ಧತಿ ಹೇಳಬೇಕು. ರಾಶಿ ಅಳೆಯುವಾಗ ನಮ್ಮಲ್ಲಿ 'ಒಂದು' ಅಂತ ಎಣಿಸುವುದಿಲ್ಲ, 'ಲಾಭ' ಅನ್ನುತ್ತೇವೆ. ಹಾಗೆಯೇ ತೂರುವಾಗ ಗಾಳಿ ನಿಂತರೆ 'ಗಾಳಿ ಇಲ್ಲ' ಅಂತ ಬಾಯಿಬಿಡುವಂತಿಲ್ಲ. ಕಣದಲ್ಲಿ ಇಲ್ಲ ಅಂದರೆ ಇಲ್ಲವಾಗುತ್ತದೆ ಎಂದು ನಂಬಿಕೆ. ನಾನು ಚಿಕ್ಕವನಿದ್ದಾಗ ಒಮ್ಮೆ ಅಂದಿದ್ದಕ್ಕೆ ಅಪ್ಪ ಮೊರದಿಂದಲೇ ಬೆನ್ನಿಗೆ ಬಿಟ್ಟಿದ್ದ. "ದಾರ್ಯಾಗ ಐತಿ, ಬರಾಕತ್ತೇತಿ ಅನ್ನಲೇ!" ಎಂದಿದ್ದ. ಅಂದಿನಿಂದ ಆ ಮಾತು ನನ್ನ ನಾಲಿಗೆಗೆ ಬಂದಿರಲಿಲ್ಲ.

ಸೊನ್ನೆ ಬರೆಯಲು ನನ್ನ ಕೈ ಏಳಲಿಲ್ಲ. 'ಕಡಿಮೆ 0.3, ಹೆಚ್ಚು 0.6, ದಿಕ್ಕು ಪಡುವಣ' ಎಂದು ಬರೆದೆ. ಅಷ್ಟು ಗಾಳಿ ದಾರಿಯಲ್ಲಿದೆ ಎಂದು ಮನಸ್ಸಿಗೆ ಹೇಳಿಕೊಂಡೆ.

ಪದ್ಧತಿಯ ಮೇಲೆ ಎಲ್ಲಾ ಭಾರ ಹೊರಿಸಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಒಳಗೆ ಬೇರೊಂದು ಅಳುಕೂ ಇತ್ತು. ದಿನಾ ಸೊನ್ನೆ ಬರೆದರೆ, ಈ ಮುದುಕ ಅಲ್ಲಿಗೆ ಹೋಗುವುದೇ ಇಲ್ಲ, ಕೂತಲ್ಲೇ ಗೆರೆ ಎಳೆಯುತ್ತಾನೆ ಅಂದಾರು ಎಂಬ ಅಳುಕು. ಹೋದವನು ಎಂದು ತೋರಿಸಲು ಅಂಕಿ ಬರೆದೆ. ಆಮೇಲೆ ಹೋಳಿ ಹುಣ್ಣಿಮೆ ಮುಗಿದು ಬಿಸಿಲು ಏರಿತು. ಮೊಣಕಾಲು ನೋವು. ನಾಲ್ಕನೆಯ ಗೂಟ ಮುಕ್ಕಾಲು ಮೈಲಿ ದೂರ, ಕಾದ ಕಲ್ಲಿನ ದಾರಿ. ಹೋದರೂ ಸುಳ್ಳೇ ಬರೆಯುವುದಾದರೆ ಹೋಗುವುದೇಕೆ ಅನ್ನಿಸಿತು. ಪಂಪಿನ ಮನೆಯ ಬೇವಿನ ನೆರಳಲ್ಲಿ ಕೂತು, ಬಯಲಿನ ಗೂಟದ ಅಂಕಿಯನ್ನು ಅರ್ಧ ಮಾಡಿ ನಾಲ್ಕನೆಯದಕ್ಕೆ ಬರೆಯತೊಡಗಿದೆ. ದಿಕ್ಕು ಅದೇ. ವರ್ಷ ಮುಗಿಯುವವರೆಗೆ ಒಂದು ದಿನವೂ ಅಲ್ಲಿಗೆ ಹೋಗಲಿಲ್ಲ. ಮಜಾ ಅಂದರೆ, ನಾಲ್ಕೂ ಗೂಟಗಳಲ್ಲಿ ಬಹಳ ಅಚ್ಚುಕಟ್ಟಾಗಿ ಕಾಣುತ್ತಿದ್ದ ಲೆಕ್ಕ ಅದೇ.

ಉಳಿದ ಜಾಗಗಳನ್ನು ಬೇರೆ ಕೆಲಸಕ್ಕೆ ಇಟ್ಟುಕೊಂಡ ಆಡಳಿತದವರು ಗುಡ್ಡದ ತಿರುವನ್ನೇ ಕೊಡುತ್ತೇವೆ ಅಂದರು. ಮೇಡಂ ನನ್ನ ವಹಿ ತೆಗೆದು ನೋಡಿ ಒಪ್ಪಿಕೊಂಡರು. "ಗಾಳಿ ಜೋರಿಲ್ಲ, ಆದ್ರ ದಿನಾ ಐತಿ. ಇದ ನನಗ ಸಾಕು" ಅಂದರು. ಪಡುವಣ ಗೋಡೆಗೆ ಕೆಳಗಡೆ ಅಗಲವಾದ ಕಿಟಕಿ, ಮೂಡಣ ಗೋಡೆಗೆ ಮೇಲೆ ಸಣ್ಣ ಕಿಂಡಿ. ಗುಡ್ಡದ ಕಡೆಯಿಂದ ಗಾಳಿ ಕೆಳಗಿನ ಕಿಟಕಿಯಲ್ಲಿ ಒಳಗೆ ಬಂದು, ಮಕ್ಕಳ ಮೈ ಸವರಿ, ಬಿಸಿಯನ್ನು ಹೊತ್ತು ಮೇಲಿನಿಂದ ಹೊರಗೆ ಹೋಗಬೇಕು. ನಕ್ಷೆಯ ಮೇಲೆ ಬಾಣ ಬರೆದು ನನಗೆ ತೋರಿಸಿದರು. ಪಾಯ ತೆಗೆಯುವುದಕ್ಕೆ ಇನ್ನೂ ಹದಿನೈದು ದಿನವಿತ್ತು. ಅಂದು ಬಾಯಿಬಿಟ್ಟಿದ್ದರೆ ನಕ್ಷೆಯ ಒಂದು ಹಾಳೆ ಹರಿದುಹಾಕುವುದರಲ್ಲಿ ಮುಗಿಯುತ್ತಿತ್ತು. ನಾನು ತಲೆಯಾಡಿಸಿದೆ.

ಗೋಡೆ ಏಳುತ್ತಿದ್ದಾಗ ಗೌಂಡಿ ಒಂದು ಮಾತು ಎತ್ತಿದ. ಅವನು ಬಾಗಲಕೋಟೆಯವ. ಮುಳುಗಡೆಯಾದ ಹಳೇ ಊರಿನಲ್ಲೂ ಗೋಡೆ ಕಟ್ಟಿದವ, ನವನಗರದಲ್ಲೂ ಕಟ್ಟಿದವ.

"ಮೇಡಂ, ಇಲ್ಲಿ ಗಾಳಿ ಆಡೂದಿಲ್ರಿ. ಸಿಮೆಂಟಿನ ಧೂಳ ಎದ್ದಲ್ಲೇ ಬೀಳಾಕತ್ತೇತಿ ನೋಡ್ರಿ."

ಮೇಡಂ ನನ್ನ ಮುಖ ನೋಡಿದರು. ನಾನು ನಕ್ಕು, "ಗೌಂಡಿಗೆ ಗಾಳಿದೇನ್ ತಿಳಿತೈತ್ರಿ? ಕರಣಿ ಹಿಡಿಯಂದ್ರ ಹವಾ ಹೇಳಾಕ ಬಂದ" ಅಂದೆ.

"ಆತು ಬಿಡಪಾ" ಎಂದು ಗೌಂಡಿ ಇಟ್ಟಿಗೆ ಎತ್ತಿಕೊಂಡ. "ಗಾಳಿ ಗೌಡರ ಮುಂದ ನಮ್ಮದೇನ್ ನಡೀತೈತಿ."

ಎಲ್ಲರೂ ನಕ್ಕರು. ಮೇಡಂ ಕೂಡ.

ಮೊದಲ ಬೇಸಿಗೆ ಬಂತು. ಗುಡ್ಡದ ಕೆಂಪುಕಲ್ಲು ಹಗಲೆಲ್ಲಾ ಕಾದು, ಎದುರಿನ ಅಗಲ ಕಿಟಕಿಗಳೊಳಗೆ ಬೆಂಕಿಯ ಝಳ ಊದುತ್ತಿತ್ತು. ಗಾಳಿ ಮಾತ್ರ ಬರಲಿಲ್ಲ. ಫ್ಯಾನು ಹಾಕಿದರೆ ಅದೇ ಬಿಸಿ ತಿರುಗುತ್ತಿತ್ತು. ಪಾಠ ಬಿಟ್ಟು ಮಕ್ಕಳು ಹೊರಗೆ ಹೋಗಿ ಕೂರತೊಡಗಿದರು. ಮಾಸ್ತರರು ಮೇಡಂಗೆ 'ಹವಾ ಮಹಲಿನ ರಾಣಿ' ಎಂದು ಹೆಸರಿಟ್ಟರು. ಅವರು ಸ್ಟಾಫ್ ರೂಮಿಗೆ ಬಂದರೆ "ಬರ್ರಿ ಮೇಡಂ, ತಂಪ್ ಗಾಳಿ ತಂದೀರೇನು?" ಎಂದು ಕರವಸ್ತ್ರ ಬೀಸುತ್ತಿದ್ದರು. ಪರೀಕ್ಷೆಯ ಮೂರನೆಯ ದಿನ ಆರನೆಯ ಕೋಣೆಯಲ್ಲಿ ಒಬ್ಬ ಹುಡುಗಿ ಬರೆಯುತ್ತ ಬರೆಯುತ್ತ ಬೆಂಚಿನಿಂದ ಜಾರಿ ಬಿದ್ದಳು. ದವಾಖಾನಿಗೆ ಒಯ್ದರು, ಸಂಜೆಗೆ ಚೇತರಿಸಿಕೊಂಡಳು. ಆದರೆ ಅಂದಿನ ಪತ್ರಿಕೆ ಅರ್ಧವೇ ಉಳಿಯಿತು. ವಿಚಾರಣೆಗೆ ಸಮಿತಿ ಕೂತಿತು.

ಸಭೆಗೆ ಮುಂಚೆ ಮೇಡಂ ನನ್ನನ್ನು ಆ ಕೋಣೆಗೆ ಕರೆದುಕೊಂಡು ಹೋದರು. ಊದಿನಕಡ್ಡಿ ಹಚ್ಚಿ ನನ್ನ ಕೈಗೆ ಕೊಟ್ಟು, ಪಡುವಣ ಕಿಟಕಿಯ ಬಳಿ ಹಿಡಿಯಲು ಹೇಳಿದರು. ಹೊಗೆ ದಾರದಂತೆ ನೆಟ್ಟಗೆ ಮೇಲೆ ಹೋಯಿತು. ಸ್ವಲ್ಪ ಹೊತ್ತಿಗೆ ಬಾಗಿ, ಒಳಗೆ ಬರುವ ಬದಲು ನಿಧಾನಕ್ಕೆ ಹೊರಗೆ, ಗುಡ್ಡದ ಕಡೆಗೆ ಸರಿಯಿತು. ಅವರು ಬಹಳ ಹೊತ್ತು ಅದನ್ನೇ ನೋಡಿದರು.

"ಕಾಕಾ, ನಾಲ್ಕನೇ ಗೂಟದ ಲೆಕ್ಕ ಖರೇನ ಐತೆಲ್ಲ?"

ಕಡ್ಡಿ ನನ್ನ ಕೈಯಲ್ಲೇ ಉರಿಯುತ್ತಿತ್ತು. ಬೂದಿ ಬೆರಳ ಮೇಲೆ ಬಿತ್ತು.

"ಖರೇ ಐತ್ರಿ" ಅಂದೆ.

ಸಭೆಯ ದಿನ ವಹಿಗಳನ್ನು ಹೊತ್ತು ಬಾಗಿಲಲ್ಲಿ ನಿಂತಿದ್ದೆ. ಮುಖ್ಯ ಎಂಜಿನಿಯರ್ ಸಾಹೇಬರು ಕೇಳಿದರು, "ಅಳತಿ ಮಾಡಿದವ ಒಬ್ಬ ಕೀಲಿಕೈ ಕಾಯೂ ಮುದುಕ. ಅವನ ಅಂಕಿ ನಂಬಿ ಕಟ್ಟಡ ಕಟ್ಟಿದ್ರಿ?"

ಮೇಡಂ ಎದ್ದು ನಿಂತರು. "ಅವರು ವರ್ಷ ಪೂರ್ತಿ ಬಿಸಿಲಾಗ ನಿಂತು ಬರದಾರ ಸರ್. ಅವರ ಮ್ಯಾಲ ನನಗ ಸಂಶಯ ಇಲ್ಲ. ತಪ್ಪಾಗಿದ್ರ ನನ್ನ ವಿನ್ಯಾಸದಾಗ ಆಗಿರಬೇಕು."

ಬಿಸಿಲಲ್ಲಿ ನಿಂತು ಎಂಬ ಆ ಮಾತು ನನ್ನನ್ನು ಕೊಯ್ದಿತು. ಆದರೂ ಅಂದು ನಾನು ಸುಮ್ಮನೆ ನಿಂತೆ. ಬರುವ ಸೋಮವಾರ ಕೊನೆಯ ಸಭೆ, ಮೇಡಂ ಅವರ ಕರಾರಿನ ತೀರ್ಮಾನವೂ ಅಂದೇ ಎಂದು ಹೇಳಿ ಸಮಿತಿಯವರು ಎದ್ದರು. ನನ್ನ ಹೆಸರನ್ನು ಯಾರೂ ಕೇಳಲೇ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ನಾನು ಪಾರಾಗುತ್ತಿದ್ದೆ. ಮೇಡಂ ಕೆಲಸ ಕಳೆದುಕೊಂಡು ಹೋಗುತ್ತಿದ್ದರು.

ಮರುದಿನ ಮಧ್ಯಾಹ್ನ ಸ್ಟೋರಿನಿಂದ ಯಂತ್ರ ತೆಗೆದುಕೊಂಡು, ಯಾರೂ ಹೇಳದೆ, ಗುಡ್ಡದ ತಿರುವಿಗೆ ಹೋದೆ. ಕಟ್ಟಡದ ಮುಂದೆ, ಹಳೆಯ ಗೂಟ ಇದ್ದ ಜಾಗದಲ್ಲಿ ನಿಂತೆ. ಎರಡು ನಿಮಿಷ. ಸೊನ್ನೆ. ಹೊಸ ವಹಿಯ ಮೊದಲ ಸಾಲಿನಲ್ಲಿ ಅದನ್ನೇ ಬರೆದೆ. ಆಮೇಲೆ ಅರ್ಧ ಗಂಟೆಗೊಮ್ಮೆ ನೋಡಿದೆ. ಹೀಗೆ ಐದು ದಿನ. ಹಾಳೆ ತುಂಬ ಸೊನ್ನೆ, ನಡುನಡುವೆ 0.2. ಅದೂ ಪಡುವಣದಿಂದಲ್ಲ, ಮೂಡಣದಿಂದ ಗುಡ್ಡದ ಕಡೆಗೆ. ಗುಡ್ಡ ಹತ್ತಿ ನೋಡಿದಾಗ ಕಾರಣ ಗೊತ್ತಾಯಿತು. ಮೇಲೆ ಪಡುವಣ ಗಾಳಿ ಧೋತರ ಸೆಳೆಯುತ್ತಿತ್ತು. ಅದು ನೆತ್ತಿಯ ಮೇಲಿಂದ ಹಾರಿ ದೂರ ಹೋಗಿ ಇಳಿದು, ಅಲ್ಲಿಂದ ಒಂದಿಷ್ಟು ಹಿಂದಕ್ಕೆ ಸುರುಳಿ ಹೊಡೆದು ಬರುತ್ತಿತ್ತು. ಹೊಳೆಯ ನೀರು ಬಂಡೆ ಹಾರಿದ ಮೇಲೆ ಹಿಂದೆ ಸುಳಿಯುವ ಹಾಗೆ. ಒಂದು ದಿನ ಪ್ರಾಮಾಣಿಕವಾಗಿ ನಿಂತಿದ್ದರೂ ಇದು ತಿಳಿಯುತ್ತಿತ್ತು.

ಶನಿವಾರ ಎರಡೂ ವಹಿಗಳನ್ನು ಮೇಡಂ ಮೇಜಿನ ಮೇಲಿಟ್ಟೆ. ಅವರು ಹೊಸದನ್ನು ಓದಿದರು, ಹಳೆಯದನ್ನು ತೆಗೆದರು, ಮತ್ತೆ ಹೊಸದನ್ನು ನೋಡಿದರು.

"ಎಷ್ಟು ದಿವಸ ಹೋಗಿಲ್ಲ?"

"ಹೋಳಿ ಆದಮ್ಯಾಲ ಒಂದ್ ದಿವಸಾನೂ ಹೋಗಿಲ್ಲವ್ವ."

"ಅದಕ್ಕಿಂತ ಮದಲ?"

"ಹೋಗಿದ್ದೆ. ಬಟ್ಟಲಾ ತಿರಗದಿದ್ರೂ ತಿರಗೇತಿ ಅಂತ ಬರದೆ."

"ಯಾಕ?"

"ಸೊನ್ನಿ ಬರದ್ರ ಹೋಗೇ ಇಲ್ಲ ಅಂತೀರಿ ಅಂತ."

ಅವರು ನಕ್ಕರು. ಅಂಥ ನಗು ನಾನು ಹಿಂದೆ ಕೇಳಿರಲಿಲ್ಲ. "ಕಾಕಾ, ನೀವ್ ಒಂದ ವಾರ ಸೊನ್ನಿ ಬರದಿದ್ರ ಆ ಕಟ್ಟಡ ಅಲ್ಲಿ ಏಳತಿದ್ದಿಲ್ಲ. ಆ ಹುಡುಗಿ ಬೀಳತಿದ್ದಿಲ್ಲ." ವಹಿ ಮುಚ್ಚಿ ಅಂದರು, "ಹೊರಗ ಹೋಗ್ರಿ. ಈಗ ನಿಮ್ಮ ಮುಖಾ ನೋಡಾಕ ಆಗವಲ್ದು."

ಹೊರಗೆ ಹೋಗಿ ಕಂಬಕ್ಕೆ ಒರಗಿ ನಿಂತೆ. ತಾಸಿನ ಮೇಲೆ ಅವರು ಬಂದರು. ಮುಖ ತೊಳೆದಿದ್ದರು.

"ಸೋಮವಾರ ನೀವ ಹೇಳಬೇಕು. ನಾ ಹೇಳಿದ್ರ, ಬಡ ಮುದುಕನ ಮ್ಯಾಲ ಹಾಕಿ ತಪ್ಪಿಸಿಕೊಂಡ್ಲು ಅಂತಾರ."

ಸೋಮವಾರ ಹೇಳಿದೆ. ನಿಂತುಕೊಂಡು, ಅಳದೆ, ಪೂರ್ತಿ ಹೇಳಿದೆ. ನಾನು ಎಣಿಸದೇ ಇದ್ದದ್ದು ಒಂದೇ, ಅವರು ನಂಬಲಿಲ್ಲ. ಮುಖ್ಯ ಎಂಜಿನಿಯರ್ ಸಾಹೇಬರು ಕುರ್ಚಿಗೆ ಒರಗಿ, "ಚಲೋ ಪಾಠ ಮಾಡೀರಿ ಮೇಡಂ, ಮುದುಕ ತಪ್ಪದಂಗ ಒಪ್ಪಿಸಿದ" ಅಂದರು. ಒಬ್ಬಿಬ್ಬರು ನಕ್ಕರು. ಒಮ್ಮೆ ಸುಳ್ಳು ಬರೆದವನ ನಿಜಕ್ಕೆ ಎಷ್ಟು ಬೆಲೆ ಎಂಬುದು ಅಂದು ತಿಳಿಯಿತು.

"ಸಾಹೇಬ್ರ, ನನ್ನ ಮಾತೂ ಬ್ಯಾಡ, ವಹೀನೂ ಬ್ಯಾಡ. ಮಧ್ಯಾಹ್ನ ಎರಡಕ್ಕ ನನ್ನ ಕೂಡ ಬರ್ರಿ" ಅಂದೆ. ಯಂತ್ರ ತಿಳಿಯದವರಿಗೂ ಕಣ್ಣಿಗೆ ಕಾಣಲಿ ಎಂದು ಊರಿಂದ ತಂದಿದ್ದ ಜೋಳದ ಹೊಟ್ಟಿನ ಚೀಲ ಮತ್ತು ಮೊರವನ್ನು ಬಾಗಿಲ ಹಿಂದೆ ಇಟ್ಟಿದ್ದೆ.

ಮೊದಲು ಆಟದ ಬಯಲಿಗೆ ಕರೆದುಕೊಂಡು ಹೋದೆ. ಒಂದು ಮೊರ ಹೊಟ್ಟನ್ನು ತಲೆಯ ಮೇಲೆ ಎತ್ತಿ ಬಿಟ್ಟೆ. ಅದು ಮೂಡಣಕ್ಕೆ ಹಾರಿ, ಹಿಂದೆ ನಿಂತಿದ್ದವರ ಅಂಗಿಯ ಮೇಲೆಲ್ಲಾ ಕೂತಿತು. "ಏ ಯಪ್ಪಾ, ಕಣ್ಣಾಗ ಹೋತಲೇ!" ಎಂದು ಒಬ್ಬರು ಕೂಗಿದರು. ಅಲ್ಲಿಂದ ಗುಡ್ಡದ ತಿರುವಿಗೆ ನಡೆದೆವು. ಕಟ್ಟಡದ ಅಗಲ ಕಿಟಕಿಗಳ ಮುಂದೆ ನಿಂತು ಅದೇ ಮೊರ ಎತ್ತಿದೆ. ಹೊಟ್ಟು ನೆಟ್ಟಗೆ ನನ್ನ ಪಾದದ ಮೇಲೆ ಬಿತ್ತು. ಇನ್ನೊಮ್ಮೆ ಎತ್ತಿದೆ. ಮತ್ತೆ ಪಾದದ ಮೇಲೆ. ಹೊಟ್ಟಿನ ಹಗುರ ಧೂಳು ಮಾತ್ರ ಗುಡ್ಡದ ಕಡೆಗೆ, ಕಿಟಕಿಗೆ ಬೆನ್ನು ಹಾಕಿ, ಒಂದು ಗೇಣು ಸರಿಯಿತು.

"ಇಲ್ಲಿ ಗಾಳಿ ಇಲ್ಲ" ಅಂದೆ.

ಮೊರ ಕೈಯಲ್ಲಿ ಹಿಡಿದು ಆ ಮಾತು ಆಡಿದ್ದು, ಅಪ್ಪ ಹೊಡೆದ ದಿನದ ನಂತರ ಅದೇ ಮೊದಲು. ಯಾರೂ ನಗಲಿಲ್ಲ. ಸಾಹೇಬರು ಬಗ್ಗಿ ನನ್ನ ಪಾದದ ಮೇಲಿನ ಹೊಟ್ಟನ್ನು ನೋಡಿದರು. ಆಮೇಲೆ ಮೇಡಂ ಕಡೆ ತಿರುಗಿದರು. "ಅವನ ಸುಳ್ಳು ಆತು. ಒಂದು ವರ್ಷದ ಲೆಕ್ಕದಾಗ ನಿಮಗ ಒಮ್ಮಿನೂ ಸಂಶಯ ಬರಲಿಲ್ಲೇನು?"

"ಬರಬೇಕಿತ್ತು ಸರ್" ಅಂದರು ಮೇಡಂ. "ಗುಡ್ಡದ ಬುಡದಾಗ ಒಂದ ಸೊನ್ನಿನೂ ಇಲ್ಲದ ವರ್ಷ ಇರೂದಿಲ್ಲ. ಅಂಕಿ ನನಗ ಬೇಕಾದಂಗ ಇದ್ದುವು. ಅದಕ್ಕ ಕೇಳಲಿಲ್ಲ."

ನಾನು ಹೇಳಿದ್ದರಿಂದ ಅವರ ವಿನ್ಯಾಸಕ್ಕೆ ಬಂದ ಕೆಟ್ಟ ಹೆಸರು ಹೋಯಿತು. ಆದರೆ ಅಳತೆಯನ್ನು ಪರೀಕ್ಷಿಸದೆ ನಂಬಿದರು ಎಂಬ ಒಂದು ಸಾಲು ವರದಿಯಲ್ಲಿ ಉಳಿಯಿತು. ಕರಾರು ಮುಂದುವರಿಯಲಿಲ್ಲ. ನಾನು ತಪ್ಪೊಪ್ಪಿಕೊಂಡರೆ ಎಲ್ಲಾ ಮೊದಲಿನಂತೆ ಆಗುತ್ತದೆ ಎಂದು ಎಲ್ಲೋ ಒಂದು ಕಡೆ ನಂಬಿದ್ದೆ. ಆಗಲಿಲ್ಲ. ನನ್ನನ್ನು ಮಾತ್ರ ಬೈದು, ಕೀಲಿಕೈ ಗೊಂಚಲನ್ನು ನನ್ನ ಕೈಯಲ್ಲೇ ಬಿಟ್ಟರು.

ಹೋಗುವ ಮೊದಲು ಉಳಿದ ನಾಲ್ಕು ತಿಂಗಳಲ್ಲಿ ಕಟ್ಟಡವನ್ನು ಸರಿಪಡಿಸಲು ಮೇಡಂ ಅನುಮತಿ ಕೇಳಿ ಪಡೆದರು. ಗುಡ್ಡದ ಕಡೆಯ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿಸಿದರು. ಮೂಡಣದಲ್ಲಿ, ಕಟ್ಟಡದ ಪಕ್ಕದ ಬೇವಿನ ಮರಗಳ ನೆರಳಿರುವ ಕಡೆ, ನೆಲದ ಮಟ್ಟಕ್ಕೆ ಕಿಂಡಿ ತೆಗೆಸಿದರು. ನಮ್ಮ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳಕಿಂಡಿ ಇರುತ್ತದಲ್ಲ, ಹಾಗೆ ಪ್ರತಿ ಕೋಣೆಯ ಚಾವಣಿ ಕೊರೆಸಿ, ಅದರ ಮೇಲೆ ಎತ್ತರದ ಗೂಡು ಕಟ್ಟಿಸಿ ಕಪ್ಪು ಬಣ್ಣ ಬಳಿಸಿದರು. ಗೂಡು ಬಿಸಿಲಿಗೆ ಕಾದರೆ ಒಳಗಿನ ಬಿಸಿಗಾಳಿ ಮೇಲೆ ಹೋಗುತ್ತದೆ, ಕೆಳಗಿನಿಂದ ನೆರಳಿನ ಗಾಳಿ ತಾನಾಗಿ ಬರುತ್ತದೆ. ಹೊರಗೆ ಗಾಳಿ ಬೀಸಲೇಬೇಕೆಂದಿಲ್ಲ. ಗೌಂಡಿ ನನ್ನನ್ನು ಕಂಡಾಗಲೆಲ್ಲಾ "ಗಾಳಿ ಗೌಡ್ರ, ಇದಕ್ಕರೆ ನಿಮ್ಮ ಅಪ್ಪಣಿ ಐತೋ?" ಅನ್ನುತ್ತಿದ್ದ. ನಾನು ಸುಮ್ಮನೆ ಇಟ್ಟಿಗೆ ಹೊತ್ತು ಕೊಡುತ್ತಿದ್ದೆ. ಆ ನಾಲ್ಕು ತಿಂಗಳಲ್ಲಿ ಮೇಡಂ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತು ಆಡಲಿಲ್ಲ. ಕಾಕಾ ಅಂತಲೂ ಕರೆಯಲಿಲ್ಲ.

ಹೊರಡುವ ದಿನ ಯಂತ್ರವನ್ನು ನನ್ನ ಮುಂದೆ ಇಟ್ಟರು. ಅವರಿಗೆ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು.

"ಬ್ಯಾಸಗಿ ಬಂದಮ್ಯಾಲ ದಿನಾ ಮಧ್ಯಾಹ್ನ ಎರಡಕ್ಕ ಆರೂ ಖೋಲಿಯೊಳಗ ನೋಡಿ ಫೋನ್ ಮಾಡ್ರಿ. ರಿಪೇರಿ ಕೆಲಸ ಮಾಡೇತೋ ಇಲ್ಲೋ ನನಗ ಗೊತ್ತಾಗಬೇಕು."

"ನನ್ನ ಅಂಕಿ ನಂಬತೀರೇನ್ರಿ?" ಎಂದು ಕೇಳಿದೆ.

ಅವರು ಚೀಲ ಹೆಗಲಿಗೆ ಹಾಕಿಕೊಂಡರು. ಬಸ್ಸು ಬಂತು.

ಬೇಸಿಗೆ ಬಂತು. ಮೊದಲ ದಿನ ಒಂದನೆಯ ಕೋಣೆಯಿಂದ ಶುರು ಮಾಡಿದೆ. ನೆಲದ ಕಿಂಡಿಯ ಬಳಿ ಬಟ್ಟಲು ಮೆಲ್ಲಗೆ ತಿರುಗಿತು, 0.4. ಎರಡು, ಮೂರು, ನಾಲ್ಕು, ಐದು ಕೋಣೆಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಮಕ್ಕಳು ಒಳಗೇ ಕೂತು ಬರೆಯುತ್ತಿದ್ದರು. ಕೊನೆಗೆ ಆರನೆಯದು, ಆ ಹುಡುಗಿ ಬಿದ್ದ ಕೋಣೆ, ಗುಡ್ಡಕ್ಕೆ ತೀರ ಹತ್ತಿರದ್ದು. ಯಂತ್ರ ಹಿಡಿದು ನಿಂತೆ. ಬಟ್ಟಲು ಅಲುಗಾಡಲಿಲ್ಲ. ಜಾಗ ಬದಲಿಸಿ ಮತ್ತೆ ನಿಂತೆ.

ಫೋನ್ ಮಾಡಿದೆ. ಐದು ಕೋಣೆಯ ಅಂಕಿ ಹೇಳಿದೆ. ಅವರು ಬರೆದುಕೊಳ್ಳುವ ಸಪ್ಪಳ ಕೇಳುತ್ತಿತ್ತು.

"ಆರನೇದ್ದು?"

"ಸೊನ್ನಿರಿ."

ಆ ಕಡೆ ಪೆನ್ನು ನಿಂತಿತು.

"ಎರಡ ನಿಮಿಷ ನಿಂತ್ರೇನು?"

"ಎರಡ ಕಡೆ ನಿಂತೆ. ಎರಡೂ ಕಡೆ ಸೊನ್ನಿ."

ಆಮೇಲೆ ಕಾಗದದ ಮೇಲೆ ಪೆನ್ನು ದುಂಡಗೆ ತಿರುಗಿದ ಸಪ್ಪಳ ಕೇಳಿತು.

"ಬರಕೊಂಡೆ ಕಾಕಾ" ಅಂದರು. "ಆ ಗೂಡು ಇನ್ನಷ್ಟು ಎತ್ತರ ಮಾಡಬೇಕು. ನಾಳೆ ಮತ್ತ ನೋಡ್ರಿ."